ಹಳೆಯ ಇಎಸ್‌ಎಕ್ಸ್‌ಐನಿಂದ ಪ್ರಾಕ್ಸ್‌ಮಾಕ್ಸ್‌ಗೆ: ಒಬ್ಬನೇ ಅಡ್ಮಿನ್ ಇರುವ ಕಡೆ ಕೆಲಸವನ್ನು ಎಲ್ಲಿಂದ ಆರಂಭಿಸಬೇಕು?

ಭದ್ರಾನಾಲೆ (ದಾವಣಗೆರೆ) ಅವರ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಮೆಕ್ಕೆಜೋಳ ಮತ್ತು ಭತ್ತದ ವಹಿವಾಟು ನಡೆಸುವ ಸಂಸ್ಥೆಯೊಂದರಲ್ಲಿ ಸರ್ವರ್‌ನಿಂದ ಹಿಡಿದು ಪ್ರಿಂಟರ್‌ವರೆಗೆ ಎಲ್ಲವನ್ನೂ ನೋಡಿಕೊಳ್ಳುವ ಏಕೈಕ ಸಿಸ್ಟಂ ಅಡ್ಮಿನ್ ನಾನು. ನಮ್ಮಲ್ಲಿ ತಲಾ 64 ಜಿಬಿ ಮೆಮೊರಿಯ ಎರಡು ಸರ್ವರ್‌ಗಳಿದ್ದು, 2019ರಲ್ಲಿ ಶಾಶ್ವತ ಪರವಾನಗಿಯೊಂದಿಗೆ ಕೊಂಡ ವಿಎಂವೇರ್ ಇಎಸ್‌ಎಕ್ಸ್‌ಐ 6.7 (ಒಂದೇ ಸರ್ವರ್‌ನಲ್ಲಿ ಹಲವು ಗಣಕಗಳನ್ನು ತಂತ್ರಾಂಶದ ರೂಪದಲ್ಲಿ ಓಡಿಸುವ ವ್ಯವಸ್ಥೆ) ಮೇಲೆ ಒಟ್ಟು ಏಳು ವರ್ಚುವಲ್ ಯಂತ್ರಗಳು ಓಡುತ್ತಿವೆ. ಟ್ಯಾಲಿ ಇರುವ ವಿಂಡೋಸ್ ಸರ್ವರ್ 2016, ಬಳಕೆದಾರರ ಲಾಗಿನ್ ನೋಡಿಕೊಳ್ಳುವ ಡೊಮೇನ್ ಕಂಟ್ರೋಲರ್, ಗೋದಾಮಿನ ದಾಸ್ತಾನಿನ ಲೆಕ್ಕವಿಡುವ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೆಬಿಯನ್ (ಲಿನಕ್ಸ್‌ನ ಒಂದು ಬಗೆ) ಯಂತ್ರ ಮತ್ತು ಲಾರಿ ತೂಗುವ ವೇ ಬ್ರಿಡ್ಜ್‌ನ ತಂತ್ರಾಂಶದ ಯಂತ್ರ ಇವುಗಳಲ್ಲಿ ಮುಖ್ಯವಾದವು. ಈ ನಾಲ್ಕರಲ್ಲಿ ಯಾವುದೊಂದು ನಿಂತರೂ ಲಾರಿಗಳು ಗೇಟಿನ ಹೊರಗೆ ಸಾಲುಗಟ್ಟಿ ನಿಲ್ಲುತ್ತವೆ.

6.7 ಆವೃತ್ತಿಗೆ ಸಾಮಾನ್ಯ ಬೆಂಬಲ 2022ರ ಅಕ್ಟೋಬರ್ 15ಕ್ಕೇ ಮುಗಿದಿದೆ. ವಿಎಂವೇರ್ ಸಂಸ್ಥೆ 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್‌ನ ಪಾಲಾದ ಮೇಲೆ, ಆ ಡಿಸೆಂಬರ್‌ನಿಂದ ಶಾಶ್ವತ ಪರವಾನಗಿಗಳ ಮಾರಾಟವೂ ನಿಂತು ಚಂದಾ ಪದ್ಧತಿಯೊಂದೇ ಉಳಿದಿದೆ. ನಮ್ಮ ಮಾಲೀಕರು ವರ್ಷವರ್ಷವೂ ಚಂದಾ ಕಟ್ಟಲು ಸಿದ್ಧರಿಲ್ಲ. ಆದ್ದರಿಂದ ಇದೇ ಕೆಲಸ ಮಾಡುವ ಮುಕ್ತ ತಂತ್ರಾಂಶವಾದ ಪ್ರಾಕ್ಸ್‌ಮಾಕ್ಸ್‌ನತ್ತ ಹೋಗೋಣವೆಂದು ಯೋಚಿಸಿದ್ದೇನೆ. ಮೆಕ್ಕೆಜೋಳದ ಸುಗ್ಗಿ ಆರಂಭವಾಗುವುದರೊಳಗೆ ಈ ಕೆಲಸ ಮುಗಿಯಬೇಕು.

ನನಗಿರುವ ಗೊಂದಲಗಳು ಇಷ್ಟು. ಕೆಲಸ ನಿಲ್ಲದಂತೆ ಯಂತ್ರಗಳನ್ನು ಸಾಗಿಸುವುದು ಹೇಗೆ? ದಿನಕ್ಕೆರಡು ಬಾರಿ ಕರೆಂಟ್ ಹೋಗುವ ನಮ್ಮಂಥ ಕಡೆ ಯಾವ ಮುನ್ನೆಚ್ಚರಿಕೆಗಳು ಬೇಕು? ನನ್ನ ಕೈಕೆಳಗೆ ಈಗಷ್ಟೇ ಡಿಪ್ಲೊಮಾ ಮುಗಿಸಿದ ಹುಡುಗನೊಬ್ಬ ಸೇರಿದ್ದಾನೆ. ಅವನೂ ನಾನೂ ಕೂತು ಕಲಿಯಲು ಅಂತರಜಾಲದಲ್ಲಿ ನಂಬಬಹುದಾದ ಸಾಮಗ್ರಿ ಎಲ್ಲಿದೆ? ಅನುಭವಸ್ಥರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.

ಏಳುಸುತ್ತು (ಚಿತ್ರದುರ್ಗ) ಅವರ ಉತ್ತರ

ನಮಸ್ಕಾರ ಸರ್. ನಾನು ಕಳೆದ ವರ್ಷ ಇಲ್ಲಿನ ಎರಡು ಕಡೆ ಇದೇ ಕೆಲಸವನ್ನು ಮಾಡಿದ್ದೇನೆ. ಪ್ರಾಕ್ಸ್‌ಮಾಕ್ಸ್ ಆಯ್ಕೆಯ ಬಗ್ಗೆ ಹೆಚ್ಚು ಚಿಂತಿಸಬೇಡಿ. ಅದು ಡೆಬಿಯನ್ ತಳಹದಿಯ ಮೇಲೆ, 2007ರಿಂದ ಲಿನಕ್ಸ್ ಕರ್ನಲ್‌ನ ಭಾಗವಾಗಿರುವ ಕೆವಿಎಂ ಎಂಬ ವರ್ಚುವಲ್ ಯಂತ್ರ ಓಡಿಸುವ ಸೌಲಭ್ಯವನ್ನು ಬಳಸಿ ಕಟ್ಟಿದ ವ್ಯವಸ್ಥೆ. ಚಂದಾ ಇಲ್ಲದೆಯೂ ಪೂರ್ತಿಯಾಗಿ ಬಳಸಬಹುದು. ಅನುಸ್ಥಾಪಿಸಿದ ಮೊದಲ ದಿನವೇ ಅಪ್‌ಡೇಟ್ ಮಾಡಲು ಹೋದಾಗ 401 ಎಂಬ ದೋಷ ಕಾಣಿಸಿದರೆ ಗಾಬರಿಯಾಗಬೇಡಿ. ಚಂದಾದಾರರಿಗೆ ಮೀಸಲಾದ ಎಂಟರ್‌ಪ್ರೈಸ್ ರೆಪಾಸಿಟರಿ (ಅಪ್‌ಡೇಟ್‌ಗಳ ಭಂಡಾರ) ಮೊದಲೇ ಸಕ್ರಿಯವಾಗಿರುವುದರಿಂದ ಹಾಗಾಗುತ್ತದೆ. ಅದನ್ನು ನಿಲ್ಲಿಸಿ ನೋ-ಸಬ್‌ಸ್ಕ್ರಿಪ್ಷನ್ ರೆಪಾಸಿಟರಿಯನ್ನು ಸೇರಿಸಿದರೆ ಸಾಕು.

ನಾನು ಒತ್ತಿ ಹೇಳಬೇಕೆಂದಿರುವುದು ಬೇರೆಯೇ ಇದೆ. ಯಾವ ಯಂತ್ರವನ್ನೂ ಮುಟ್ಟುವ ಮೊದಲು, ನಿಮ್ಮ ಬ್ಯಾಕಪ್‌ನಿಂದ ಒಂದು ಯಂತ್ರವನ್ನು ಬೇರೊಂದು ಗಣಕದ ಮೇಲೆ ಎಬ್ಬಿಸಿ, ಅದರಲ್ಲಿ ನಿನ್ನೆಯ ಟ್ಯಾಲಿ ವೋಚರ್ ತೆರೆಯುತ್ತದೆಯೇ ಎಂದು ಕಣ್ಣಾರೆ ನೋಡಿ. ಬ್ಯಾಕಪ್ ತೆಗೆದುಕೊಳ್ಳುತ್ತಿದ್ದೇವೆ ಎನ್ನುವವರು ಬಹಳ ಜನ ಇದ್ದಾರೆ. ಮರಳಿ ಎಬ್ಬಿಸಿ ನೋಡಿದ್ದೇವೆ ಎನ್ನುವವರು ನನಗೆ ಸಿಕ್ಕಿದ್ದು ಕಡಿಮೆ. ಇದಾದ ಮೇಲಷ್ಟೇ ಸ್ಥಳಾಂತರದ ಮಾತು.

ನಿಮ್ಮಲ್ಲಿ ಎರಡು ಸರ್ವರ್ ಇರುವುದು ದೊಡ್ಡ ಅನುಕೂಲ. ಒಂದು ಸರ್ವರ್‌ನ ಯಂತ್ರಗಳನ್ನೆಲ್ಲ ತಾತ್ಕಾಲಿಕವಾಗಿ ಇನ್ನೊಂದಕ್ಕೆ ಸರಿಸಿ, ಖಾಲಿಯಾದುದರ ಮೇಲೆ ಪ್ರಾಕ್ಸ್‌ಮಾಕ್ಸ್ ಹಾಕಿಕೊಳ್ಳಿ. ಡಿಸ್ಕ್‌ಗಳು ಹಾರ್ಡ್‌ವೇರ್ ರೈಡ್ ಕಾರ್ಡಿನ (ಹಲವು ಡಿಸ್ಕ್‌ಗಳನ್ನು ಒಂದಾಗಿ ತೋರಿಸುವ ಕಾರ್ಡು) ಹಿಂದಿದ್ದರೆ ಡಿಸ್ಕ್ ನಿರ್ವಹಣೆಗೆ ಜೆಡ್‌ಎಫ್‌ಎಸ್ ಬೇಡ, ಎಲ್‌ವಿಎಂ-ಥಿನ್ ಬಳಸಿ. ಜೆಡ್‌ಎಫ್‌ಎಸ್‌ಗೆ ಡಿಸ್ಕ್‌ಗಳು ನೇರವಾಗಿ ಕಾಣಬೇಕು, ನಡುವೆ ರೈಡ್ ಕಾರ್ಡ್ ಇದ್ದರೆ ದೋಷವನ್ನು ತಾನೇ ಸರಿಪಡಿಸುವ ಅದರ ಶಕ್ತಿ ಕೆಲಸಕ್ಕೆ ಬರುವುದಿಲ್ಲ.

2024ರಲ್ಲಿ ಬಂದ ಆಮದು ಸೌಲಭ್ಯವು ಈ ಕೆಲಸವನ್ನು ಬಹಳ ಸುಲಭಗೊಳಿಸಿದೆ. ಪ್ರಾಕ್ಸ್‌ಮಾಕ್ಸ್‌ನ ಡೇಟಾಸೆಂಟರ್ ವಿಭಾಗದ ಸ್ಟೋರೇಜ್ ಪುಟದಲ್ಲಿ ಇಎಸ್‌ಎಕ್ಸ್‌ಐ ಎಂಬ ಬಗೆಯನ್ನು ಆರಿಸಿ ಹಳೆಯ ಸರ್ವರ್‌ನ ವಿಳಾಸ, ಬಳಕೆದಾರ ಹೆಸರು, ಗುಪ್ತಪದ ಕೊಟ್ಟರೆ ಅಲ್ಲಿನ ಯಂತ್ರಗಳ ಪಟ್ಟಿ ನಿಮ್ಮ ಕಣ್ಣೆದುರು ಬರುತ್ತದೆ. ಹಲವು ಇಎಸ್‌ಎಕ್ಸ್‌ಐ ಸರ್ವರ್‌ಗಳನ್ನು ಒಟ್ಟಿಗೆ ನಿರ್ವಹಿಸುವ ವಿ-ಸೆಂಟರ್ ಇದ್ದರೂ ಅದರ ವಿಳಾಸ ಕೊಡದೆ ಇಎಸ್‌ಎಕ್ಸ್‌ಐ ಸರ್ವರ್‌ನದೇ ವಿಳಾಸ ಕೊಡಿ, ಏಕೆಂದರೆ ವಿ-ಸೆಂಟರ್ ಮೂಲಕ ಎಳೆದರೆ ವೇಗ ತೀರಾ ಕುಗ್ಗುತ್ತದೆ. ಹಳೆಯ ಸ್ನ್ಯಾಪ್‌ಶಾಟ್‌ಗಳಿದ್ದರೆ (ಯಂತ್ರದ ಒಂದು ಕ್ಷಣದ ಸ್ಥಿತಿಯನ್ನು ಹಿಡಿದಿಟ್ಟವು) ಮೊದಲೇ ಅಳಿಸಿಬಿಡಿ. ಅವು ಇದ್ದಷ್ಟೂ ಆಮದು ನಿಧಾನವಾಗುತ್ತದೆ.

ವಿಂಡೋಸ್ ಯಂತ್ರಗಳಲ್ಲಿ ವಿಎಂವೇರ್‌ನ ಸಹಾಯಕ ತಂತ್ರಾಂಶವಾದ ವಿಎಂವೇರ್ ಟೂಲ್ಸ್ ಅನ್ನು ಹಳೆಯ ಜಾಗದಲ್ಲಿರುವಾಗಲೇ ತೆಗೆದುಹಾಕಬೇಕು. ಸಾಗಿಸಿದ ಮೇಲೆ ತೆಗೆಯಲು ಹೋದರೆ, ಇದು ವಿಎಂವೇರ್ ಯಂತ್ರವಲ್ಲ ಎಂದು ಅದರ ಅನ್‌ಇನ್‌ಸ್ಟಾಲರ್ ಹಟ ಹಿಡಿಯುತ್ತದೆ. ಯಂತ್ರವು ಹಳೆಯ ಬಯಾಸ್ ವಿಧಾನದಲ್ಲಿ ಬೂಟ್ ಆಗುತ್ತಿತ್ತೋ ಯುಇಎಫ್‌ಐ ವಿಧಾನದಲ್ಲೋ ಎಂಬುದನ್ನೂ ಬರೆದಿಟ್ಟುಕೊಳ್ಳಿ, ಏಕೆಂದರೆ ಹೊಸ ಜಾಗದಲ್ಲೂ ಅದೇ ಇರಬೇಕು.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ವರ್ಟ್‌ಐಒ (ವರ್ಚುವಲ್ ಯಂತ್ರಗಳಿಗೆಂದೇ ಇರುವ ವೇಗದ ಡಿಸ್ಕ್ ಮತ್ತು ನೆಟ್‌ವರ್ಕ್ ಬಗೆ) ಡ್ರೈವರ್‌ನಲ್ಲಿ. ವಿಂಡೋಸ್‌ಗೆ ಆ ಡಿಸ್ಕ್ ಡ್ರೈವರ್ ತಾನಾಗಿ ಬಂದಿರುವುದಿಲ್ಲ. ಆದ್ದರಿಂದ ಸಾಗಿಸಿದ ಕೂಡಲೇ ವರ್ಟ್‌ಐಒ ಡಿಸ್ಕ್ ಎಂದು ಕೊಟ್ಟರೆ ನೀಲಿ ಪರದೆಯ ಮೇಲೆ 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಎಂಬ ಸಂದೇಶ ಬಂದು ನಿಲ್ಲುತ್ತದೆ. ಮೊದಲು ಸಾಟಾ ಡಿಸ್ಕ್ ಎಂದೇ ಜೋಡಿಸಿ ಬೂಟ್ ಮಾಡಿ, ವರ್ಟ್‌ಐಒ-ವಿನ್ ಐಎಸ್‌ಒ ಕಡತದಿಂದ ಡ್ರೈವರ್‌ಗಳನ್ನು ಹಾಕಿ, 1 ಜಿಬಿಯ ಖಾಲಿ ಡಿಸ್ಕೊಂದನ್ನು ವರ್ಟ್‌ಐಒ ಸ್ಕಸಿ ಬಗೆಯಲ್ಲಿ ಸೇರಿಸಿ ವಿಂಡೋಸ್ ಅದನ್ನು ಗುರುತಿಸುವಂತೆ ಮಾಡಿ. ಆಮೇಲೆ ಯಂತ್ರವನ್ನು ನಿಲ್ಲಿಸಿ, ಮುಖ್ಯ ಡಿಸ್ಕನ್ನೂ ಅದೇ ಬಗೆಗೆ ಬದಲಿಸಿ, ಬೂಟ್ ಕ್ರಮದಲ್ಲಿ ಅದನ್ನು ಮತ್ತೆ ಆರಿಸಿ. ಲಿನಕ್ಸ್ ಯಂತ್ರಗಳಲ್ಲಿ ಈ ತೊಂದರೆ ಸಾಮಾನ್ಯವಾಗಿ ಬರುವುದಿಲ್ಲ. ಆದರೆ ನೆಟ್‌ವರ್ಕ್ ಕಾರ್ಡಿನ ಹೆಸರು ಇಎನ್‌ಎಸ್192 ಇದ್ದುದು ಇಎನ್‌ಎಸ್18 ಆಗುವುದರಿಂದ, ಐಪಿ ವಿಳಾಸ ಬರೆದಿರುವ ಕಡತದಲ್ಲಿ ಹೆಸರನ್ನು ತಿದ್ದದಿದ್ದರೆ ಯಂತ್ರ ಎದ್ದರೂ ನೆಟ್‌ವರ್ಕ್‌ನಲ್ಲಿ ಕಾಣಿಸುವುದಿಲ್ಲ.

ಇನ್ನೊಂದು ಮಾತು. ಎರಡೇ ಸರ್ವರ್‌ಗಳನ್ನು ಕ್ಲಸ್ಟರ್ ಮಾಡುವ (ಒಂದೇ ಗುಂಪಾಗಿ ಜೋಡಿಸುವ) ಆಸೆಯನ್ನು ಸದ್ಯಕ್ಕೆ ಬಿಡಿ. ಒಂದು ಬಿದ್ದರೆ ಉಳಿದದ್ದಕ್ಕೆ ಗುಂಪಿನ ಮತಗಳಲ್ಲಿ ಬಹುಮತ ಸಿಗದೆ, ಅದರಲ್ಲಿ ಹೊಸದಾಗಿ ಯಾವ ಯಂತ್ರವನ್ನೂ ಆರಂಭಿಸಲಾಗದ ಸ್ಥಿತಿ ಬರುತ್ತದೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಗಣಕ ಅಥವಾ ಹಳೆಯ ಡೆಸ್ಕ್‌ಟಾಪ್ ಒಂದನ್ನು ಮೂರನೆಯ ಮತಕ್ಕಾಗಿ ಕ್ಯೂಡಿವೈಸ್ ಆಗಿ ಇಟ್ಟು ಮುಂದೆ ಮಾಡಿಕೊಳ್ಳಬಹುದು.

ಹತ್ತಿಗಿರಣಿ (ದಾವಣಗೆರೆ) ಅವರ ಉತ್ತರ

ಮೇಲಿನವರು ಸ್ನ್ಯಾಪ್‌ಶಾಟ್ ಅಳಿಸಿ ಎಂದು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದಾರೆ. ನಾನು ಅಲ್ಲೇ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಆ ಪಾಠವನ್ನು ಕಷ್ಟಪಟ್ಟು ಕಲಿತವನು ನಾನು.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ, ತಂತ್ರಾಂಶವೊಂದನ್ನು ಅಪ್‌ಡೇಟ್ ಮಾಡುವ ಮುನ್ನ ತೆಗೆದ ಸ್ನ್ಯಾಪ್‌ಶಾಟ್ ಐದು ತಿಂಗಳು ಹಾಗೆಯೇ ಉಳಿದಿತ್ತು. ಸ್ನ್ಯಾಪ್‌ಶಾಟ್ ಇರುವವರೆಗೆ ಮೂಲ ಡಿಸ್ಕ್ ಹಾಗೆಯೇ ಇದ್ದು, ಹೊಸ ಬರಹವೆಲ್ಲ ಪಕ್ಕದ ಡೆಲ್ಟಾ ಕಡತಕ್ಕೆ ಹೋಗುತ್ತದೆ. ಅದು ಬೆಳೆದು ಬೆಳೆದು ಒಂದು ಸೋಮವಾರ ಬೆಳಿಗ್ಗೆ ಡೇಟಾಸ್ಟೋರ್ (ಯಂತ್ರಗಳ ಕಡತಗಳಿರುವ ಜಾಗ) ಪೂರ್ತಿ ತುಂಬಿ, ಬಿಲ್ಲಿಂಗ್ ಯಂತ್ರ ನಿಂತಲ್ಲೇ ನಿಂತುಬಿಟ್ಟಿತು. ಸ್ನ್ಯಾಪ್‌ಶಾಟ್ ಅಳಿಸೋಣವೆಂದರೆ ಎರಡನ್ನೂ ಒಂದುಗೂಡಿಸಲು ಕೂಡ ಜಾಗ ಬೇಕು. ಆ ಹೊತ್ತಿಗೆ ಹೊಳೆದದ್ದು, ಪ್ರತಿ ಯಂತ್ರ ಓಡುವಾಗಲೂ ಇಎಸ್‌ಎಕ್ಸ್‌ಐ ಸಾಮಾನ್ಯವಾಗಿ ಅದರ ಮೆಮೊರಿಯಷ್ಟೇ ಗಾತ್ರದ ಸ್ವಾಪ್ ಕಡತವನ್ನು (ಮೆಮೊರಿ ಸಾಲದಾಗ ಬಳಸಲು) ಡೇಟಾಸ್ಟೋರ್‌ನಲ್ಲಿ ಇಟ್ಟಿರುತ್ತದೆ ಎಂಬುದು. ಅಷ್ಟೇನೂ ಮುಖ್ಯವಲ್ಲದ 16 ಜಿಬಿ ಮೆಮೊರಿಯ ಒಂದು ಪರೀಕ್ಷಾ ಯಂತ್ರವನ್ನು ನಿಲ್ಲಿಸಿದಾಗ ಅಷ್ಟು ಜಾಗ ತೆರವಾಯಿತು, ಅದರ ಆಧಾರದ ಮೇಲೆ ಉಳಿದ ಕೆಲಸ ಸಾಗಿತು. ಒಂದೇ ಸ್ನ್ಯಾಪ್‌ಶಾಟನ್ನು 72 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ ಎಂದು ವಿಎಂವೇರ್‌ನ ದಾಖಲೆಗಳೇ ಹೇಳುತ್ತವೆ. ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ; ಮೂಲ ಡಿಸ್ಕ್ ಹಾಳಾದರೆ ಅದೂ ಜೊತೆಗೇ ಹೋಗುತ್ತದೆ.

ಈಗ ಕರೆಂಟಿನ ವಿಷಯ. ಯುಪಿಎಸ್ ಇದೆ ಎಂದು ನೆಮ್ಮದಿಯಿಂದಿರುವ ಹಾಗಿಲ್ಲ. ಬ್ಯಾಟರಿ ಮುಗಿಯುವ ಮುನ್ನ ಸರ್ವರ್ ತಾನಾಗಿ, ಕ್ರಮಬದ್ಧವಾಗಿ ಮುಚ್ಚಿಕೊಳ್ಳಬೇಕು. ಯುಪಿಎಸ್‌ನ ಯುಎಸ್‌ಬಿ ಕೇಬಲ್ಲನ್ನು ಸರ್ವರ್‌ಗೆ ಜೋಡಿಸಿ, ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಎಂಬ ಮುಕ್ತ ತಂತ್ರಾಂಶವನ್ನು ಪ್ರಾಕ್ಸ್‌ಮಾಕ್ಸ್ ಮೇಲೆಯೇ ಹಾಕಬಹುದು. ಎರಡನೆಯ ಸರ್ವರ್ ನೆಟ್‌ವರ್ಕ್ ಮೂಲಕ ಅದೇ ಸೂಚನೆಯನ್ನು ಪಡೆಯುತ್ತದೆ. ಆದರೆ ನಡುವಿನ ಸ್ವಿಚ್ ಕೂಡ ಯುಪಿಎಸ್ ಮೇಲೆಯೇ ಇರಬೇಕು. ನಾನು ನೋಡಿದ ಒಂದು ಕಡೆ ಸ್ವಿಚ್ಚನ್ನು ಗೋಡೆಯ ಪ್ಲಗ್ಗಿಗೆ ಹಾಕಿದ್ದರಿಂದ, ಕರೆಂಟ್ ಹೋದ ಕ್ಷಣವೇ ಎರಡನೆಯ ಸರ್ವರ್‌ಗೆ ಸುದ್ದಿ ತಲುಪುವ ದಾರಿಯೂ ಮುಚ್ಚಿಹೋಗುತ್ತಿತ್ತು.

ಪ್ರತಿ ಯಂತ್ರಕ್ಕೂ ಆರಂಭದ ಕ್ರಮಸಂಖ್ಯೆ ಕೊಡಿ: ಡೊಮೇನ್ ಕಂಟ್ರೋಲರ್ ಮೊದಲು, ಡೇಟಾಬೇಸ್ ನಂತರ, ಟ್ಯಾಲಿ ಆಮೇಲೆ. ಮುಚ್ಚುವಾಗ ಇದೇ ಕ್ರಮ ತಿರುಗುಮುರುಗಾಗುತ್ತದೆ. ಒಂದು ಯಂತ್ರ ಮುಚ್ಚಿಕೊಳ್ಳಲು ಪ್ರಾಕ್ಸ್‌ಮಾಕ್ಸ್ ಸಾಮಾನ್ಯವಾಗಿ 180 ಸೆಕೆಂಡ್ ಕಾಯುತ್ತದೆ. ಅಪ್‌ಡೇಟ್ ಬಾಕಿ ಇರುವ ವಿಂಡೋಸ್‌ಗೆ ಅಷ್ಟು ಸಮಯ ಸಾಲದು. ಅದನ್ನು ಹೆಚ್ಚಿಸಿ, ಮುಚ್ಚುವ ಸೂಚನೆಯನ್ನು ಯಂತ್ರದ ಒಳಗೆ ತಲುಪಿಸುವ ಕ್ಯೂಇಎಂಯು ಗೆಸ್ಟ್ ಏಜೆಂಟನ್ನೂ ಹಾಕಿಡಿ. ಇದಕ್ಕೆಲ್ಲ ಬೇಕಾದ ಒಟ್ಟು ನಿಮಿಷಗಳಿಗಿಂತ ಬ್ಯಾಟರಿಯ ನಿಮಿಷಗಳು ಹೆಚ್ಚಿರಬೇಕು. ನಮ್ಮೂರಿನ ಏಪ್ರಿಲ್ ಬಿಸಿಲಿನಲ್ಲಿ ಆ ಲೆಕ್ಕವೂ ಬದಲಾಗುತ್ತದೆ: ಸೀಸ-ಆಮ್ಲ ಬ್ಯಾಟರಿಯ ಬಾಳಿಕೆ 25 ಡಿಗ್ರಿಯ ಮೇಲೆ ಪ್ರತಿ 8ರಿಂದ 10 ಡಿಗ್ರಿ ಏರಿದಂತೆ ಸುಮಾರು ಅರ್ಧಕ್ಕಿಳಿಯುತ್ತದೆ. ಯುಪಿಎಸ್ಸನ್ನು ಗಾಳಿಯಾಡದ ಮೆಟ್ಟಿಲಡಿಯ ಕೋಣೆಯಲ್ಲಿಟ್ಟವರು ದಯವಿಟ್ಟು ಹೊರಗೆ ತನ್ನಿ.

ಜೋಗಿಮಟ್ಟಿ (ಚಿತ್ರದುರ್ಗ) ಅವರ ಉತ್ತರ

ಕಲಿಕೆಯ ಬಗ್ಗೆ ಕೇಳಿದ್ದೀರಿ. ನಿಮ್ಮ ಹುಡುಗನಿಗೆ ಲಿನಕ್ಸ್‌ನ ಮೊದಲ ಹೆಜ್ಜೆಗಳಿಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಪಾಠಗಳನ್ನು ತೋರಿಸಿ. ಲಿನಕ್ಸ್ ಆಜ್ಞೆಗಳ ಕುರಿತ ಪಾಠಗಳು ಕನ್ನಡ ಧ್ವನಿಯಲ್ಲೇ ಇವೆ. ಒಂದೊಂದು ಪಾಠವೂ ಚಿಕ್ಕದು, ನೋಡುತ್ತಲೇ ಪಕ್ಕದಲ್ಲಿ ಮಾಡಿ ಕಲಿಯುವ ಹಾಗೆ ರೂಪಿಸಿದ್ದಾರೆ. ಅಲ್ಲಿಂದ ಮುಂದೆ ಇಂಗ್ಲಿಷ್ ಅನಿವಾರ್ಯ. ಪ್ರಾಕ್ಸ್‌ಮಾಕ್ಸ್‌ನ ಪುಟದಲ್ಲಿರುವ 'ಹೆಲ್ಪ್' ಗುಂಡಿಯನ್ನು ಬಹಳ ಜನ ಒತ್ತಿಯೇ ಇರುವುದಿಲ್ಲ. ಅದರ ಆಡಳಿತ ಕೈಪಿಡಿ ಪೂರ್ತಿಯಾಗಿ ನಿಮ್ಮ ಸರ್ವರ್‌ನಲ್ಲೇ ಇದ್ದು, ಇಂಟರ್ನೆಟ್ ಇಲ್ಲದಾಗಲೂ ತೆರೆಯುತ್ತದೆ. ಸ್ಥಳಾಂತರಕ್ಕೆಂದೇ ಬರೆದ ಪುಟ ಅವರ ವಿಕಿಯಲ್ಲಿದೆ. ಲಿನಕ್ಸ್‌ನ ಯಾವುದೇ ಸೇವೆ ಹೀಗೇಕೆ ವರ್ತಿಸುತ್ತಿದೆ ಎಂದು ತಿಳಿಯಲು ಆರ್ಚ್ ಎಂಬ ಲಿನಕ್ಸ್ ಬಗೆಯ ವಿಕಿ ನನ್ನ ಮೊದಲ ಆಸರೆ. ನೀವು ಆರ್ಚ್ ಬಳಸದಿದ್ದರೂ ಅಲ್ಲಿನ ವಿವರಣೆ ಉಪಯೋಗಕ್ಕೆ ಬರುತ್ತದೆ. ವಿಂಡೋಸ್ ಸರ್ವರ್‌ಗೆ ಮೈಕ್ರೋಸಾಫ್ಟ್ ಲರ್ನ್ ಇದೆ, ಅಭ್ಯಾಸಕ್ಕೆ 180 ದಿನಗಳ ಪ್ರಾಯೋಗಿಕ ಪ್ರತಿಯೂ ಸಿಗುತ್ತದೆ. ಅಂತರಜಾಲದಲ್ಲಿ ಸಿಕ್ಕ ಸ್ಕ್ರಿಪ್ಟನ್ನು ಓದದೆ ರೂಟ್ (ಪೂರ್ಣ) ಅಧಿಕಾರದಲ್ಲಿ ಓಡಿಸುವ ಅಭ್ಯಾಸ ಮಾತ್ರ ಅವನಿಗೆ ಅಂಟದಿರಲಿ.

ಓದುವುದಕ್ಕಿಂತ ಹೆಚ್ಚು ಕಲಿಯುವುದು ಕೆಡಿಸಿ ಸರಿಪಡಿಸುವುದರಿಂದ. 16 ಜಿಬಿ ಮೆಮೊರಿಯ ಹಳೆಯ ಆಫೀಸ್ ಡೆಸ್ಕ್‌ಟಾಪ್ ಒಂದರ ಬಯಾಸ್‌ನಲ್ಲಿ ವರ್ಚುವಲ್ ಯಂತ್ರ ಓಡಿಸಲು ಬೇಕಾದ ವಿಟಿ-ಎಕ್ಸ್ ಸೌಲಭ್ಯವನ್ನು ಸಕ್ರಿಯಗೊಳಿಸಿ ಪ್ರಾಕ್ಸ್‌ಮಾಕ್ಸ್ ಹಾಕಿಕೊಡಿ. ವಾರಕ್ಕೊಂದು ಬ್ಯಾಕಪ್ಪನ್ನು ಅದರ ಮೇಲೆ ಎಬ್ಬಿಸುವುದು ಅವನ ಜವಾಬ್ದಾರಿಯಾಗಲಿ. ಕಲಿಕೆಯೂ ಆಗುತ್ತದೆ, ಏಳುಸುತ್ತು ಅವರು ಹೇಳಿದ ಪರೀಕ್ಷೆಯೂ ಆಗುತ್ತದೆ. ಆದರೆ ಎಬ್ಬಿಸುವ ಮುನ್ನ ಆ ಯಂತ್ರದ ನೆಟ್‌ವರ್ಕ್ ಕೊಂಡಿಯನ್ನು ತಪ್ಪಿಸಿರಬೇಕು. ಒಂದೇ ಹೆಸರು, ಒಂದೇ ಐಪಿಯ ಎರಡು ಡೊಮೇನ್ ಕಂಟ್ರೋಲರ್‌ಗಳು ಒಟ್ಟಿಗೆ ಎದ್ದರೆ ಅನಾಹುತವಾಗುತ್ತದೆ.

ಬ್ಯಾಕಪ್‌ಗೆ ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರನ್ನು ಪ್ರತ್ಯೇಕ ಗಣಕದಲ್ಲಿ ಹಾಕಿ. ಬದಲಾದ ತುಣುಕುಗಳನ್ನಷ್ಟೇ ಕಳಿಸುವುದರಿಂದ ಮೊದಲ ದಿನದ ನಂತರ ಪ್ರತಿದಿನದ ಹೊರೆ ಕಡಿಮೆ. ನಿಮ್ಮ ಸಂಸ್ಥೆಗೆ ಚಿತ್ರದುರ್ಗದಲ್ಲೋ ಹರಿಹರದಲ್ಲೋ ಶಾಖೆಯಿದ್ದರೆ, ಅಲ್ಲಿ ಇಂಥದೇ ಇನ್ನೊಂದನ್ನು ಇಟ್ಟು, ಅದು ದಾವಣಗೆರೆಯಿಂದ ತಾನೇ ಎಳೆದುಕೊಳ್ಳುವಂತೆ ಮಾಡಿ. ದಾವಣಗೆರೆಯ ಗಣಕಕ್ಕೆ ಅಲ್ಲಿನ ಪ್ರತಿಯನ್ನು ಅಳಿಸುವ ಅಧಿಕಾರವೇ ಇಲ್ಲದಿದ್ದರೆ, ಇಲ್ಲಿ ನುಗ್ಗಿದವನ ಕೈ ಅಲ್ಲಿಗೆ ತಲುಪುವುದಿಲ್ಲ. ಗೂಢಲಿಪೀಕರಣ ಬಳಸಿದರೆ ಅದರ ಕೀಲಿಯನ್ನು ಕಾಗದದ ಮೇಲೆ ಮುದ್ರಿಸುವ ವ್ಯವಸ್ಥೆ ಅದರಲ್ಲೇ ಇದೆ. ಮುದ್ರಿಸಿ ಮಾಲೀಕರ ತಿಜೋರಿಯಲ್ಲಿಡಿ. ಕೀಲಿ ಸರ್ವರ್‌ನಲ್ಲೇ ಇದ್ದು ಸರ್ವರ್ ಸುಟ್ಟುಹೋದರೆ ಬ್ಯಾಕಪ್ ಇದ್ದೂ ಇಲ್ಲದಂತೆ.

ಸುರಕ್ಷತೆಯ ಬಗ್ಗೆ ಎರಡು ಮಾತು. 2023ರ ಫೆಬ್ರವರಿಯಲ್ಲಿ ಕಡತಗಳನ್ನು ತೆರೆಯದಂತೆ ಮಾಡಿ ಹಣ ಕೇಳುವ ಇಎಸ್‌ಎಕ್ಸ್‌ಐ-ಆರ್ಗ್ಸ್ ಎಂಬ ರ‍್ಯಾನ್ಸಮ್‌ವೇರ್ ಜಗತ್ತಿನಾದ್ಯಂತ ಸಾವಿರಾರು ಸರ್ವರ್‌ಗಳಿಗೆ ಬೀಗ ಹಾಕಿತು. ಅದು ಬಳಸಿತೆಂದು ಹೇಳಲಾದ ದೋಷಕ್ಕೆ ಪರಿಹಾರ 2021ರ ಫೆಬ್ರವರಿಯಲ್ಲೇ ಬಂದಿತ್ತು. ಪ್ರಾಕ್ಸ್‌ಮಾಕ್ಸ್‌ನ ಆಡಳಿತ ಪುಟ ತೆರೆಯುವ 8006ನೇ ಪೋರ್ಟನ್ನು ಎಂದಿಗೂ ಇಂಟರ್ನೆಟ್‌ಗೆ ತೆರೆಯಬೇಡಿ. ಮನೆಯಿಂದ ನೋಡಬೇಕೆಂದರೆ ವೈರ್‌ಗಾರ್ಡ್‌ನಂಥ ವಿಪಿಎನ್ ಮೂಲಕ ಬನ್ನಿ. ಹಾಗೆಯೇ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳನ್ನು ಒಮ್ಮೆ ಪೂರ್ತಿ ಓದಿ. ಲಾಗ್‌ಗಳನ್ನು 180 ದಿನ ಇಡುವುದು, ಸೈಬರ್ ಘಟನೆಯನ್ನು ಆರು ಗಂಟೆಯೊಳಗೆ ವರದಿ ಮಾಡುವುದು, ಗಣಕಗಳ ಸಮಯವನ್ನು ಎನ್‌ಐಸಿ (ರಾಷ್ಟ್ರೀಯ ಮಾಹಿತಿ ಕೇಂದ್ರ) ಅಥವಾ ಎನ್‌ಪಿಎಲ್‌ನ (ರಾಷ್ಟ್ರೀಯ ಭೌತ ಪ್ರಯೋಗಾಲಯ) ಸಮಯ ಸರ್ವರ್‌ಗಳೊಂದಿಗೆ ಹೊಂದಿಸುವುದು ಅದರಲ್ಲಿವೆ. ಸಮಯ ಸರಿಯಿರುವುದು ನಿಮಗೂ ಬೇಕು, ಏಕೆಂದರೆ ಡೊಮೇನ್ ಕಂಟ್ರೋಲರ್‌ಗೂ ಬಳಕೆದಾರರ ಗಣಕಕ್ಕೂ ಐದು ನಿಮಿಷಕ್ಕಿಂತ ಹೆಚ್ಚು ಅಂತರ ಬಂದರೆ ಲಾಗಿನ್ ತಿರಸ್ಕೃತವಾಗತೊಡಗುತ್ತದೆ.

ಭದ್ರಾನಾಲೆ (ದಾವಣಗೆರೆ), ಮೂರು ವಾರಗಳ ನಂತರ

ಉತ್ತರಿಸಿದ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಏಳುಸುತ್ತು ಅವರು ಹೇಳಿದಂತೆ ಮೊದಲು ಬ್ಯಾಕಪ್ಪನ್ನೇ ಪರೀಕ್ಷಿಸಿದೆವು. ಏಳು ಯಂತ್ರಗಳ ಪೈಕಿ ಎರಡು ಏಳಲೇ ಇಲ್ಲ. ಅದರಲ್ಲಿ ಒಂದು ದಾಸ್ತಾನಿನ ಡೇಟಾಬೇಸ್ ಯಂತ್ರ. ಬ್ಯಾಕಪ್ ಡಿಸ್ಕ್ ತುಂಬಿ ಹಲವು ವಾರಗಳಿಂದ ಅದರ ಪ್ರತಿ ಅರ್ಧಕ್ಕೇ ನಿಲ್ಲುತ್ತಿತ್ತು, ಎಚ್ಚರಿಕೆಯ ಮಿಂಚಂಚೆಗಳು ಯಾರೂ ತೆರೆಯದ ಹಳೆಯ ವಿಳಾಸಕ್ಕೆ ಹೋಗುತ್ತಿದ್ದವು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದವನೇ ಪೋಸ್ಟ್‌ಗ್ರೆಸ್‌ನ ಪೂರ್ಣ ಡಂಪ್ (ದತ್ತಾಂಶದ ನಕಲು) ತೆಗೆದು ಮೂರು ಕಡೆ ಇಟ್ಟ ಮೇಲೆಯೇ ಮುಂದಿನ ಕೆಲಸಕ್ಕೆ ಕೈಹಾಕಿದೆ.

ಆಮೇಲೆ ಎರಡು ಭಾನುವಾರಗಳಲ್ಲಿ ಆರು ಯಂತ್ರಗಳನ್ನು ಸಾಗಿಸಿದ್ದೇವೆ. ಡೆಬಿಯನ್ ಯಂತ್ರದ ಕಾರ್ಡಿನ ಹೆಸರು ಹೇಳಿದ ಹಾಗೆಯೇ ಇಎನ್‌ಎಸ್18 ಆಗಿತ್ತು, ಎರಡು ನಿಮಿಷದ ಕೆಲಸವಾಯಿತು. ಟ್ಯಾಲಿ ಪರವಾನಗಿಯನ್ನು ಹಳೆಯ ಯಂತ್ರದಲ್ಲಿ ಮೊದಲೇ ಸರೆಂಡರ್ ಮಾಡಿದ್ದರಿಂದ ಹೊಸದರಲ್ಲಿ ಸಕ್ರಿಯಗೊಳಿಸಲು ತೊಂದರೆಯಾಗಲಿಲ್ಲ.

ವೇ ಬ್ರಿಡ್ಜ್ ಯಂತ್ರ ಮಾತ್ರ ಬಾಕಿ ಇದೆ. ತೂಕದ ಇಂಡಿಕೇಟರ್‌ನಿಂದ ಬರುವ ಸೀರಿಯಲ್ ಕೇಬಲ್ ಯುಎಸ್‌ಬಿ ಕನ್ವರ್ಟರ್ ಮೂಲಕ ಸರ್ವರ್‌ಗೆ ಸೇರಿದೆ. ಎರಡು ವೇ ಬ್ರಿಡ್ಜ್‌ಗಳಿಗೂ ಒಂದೇ ಬಗೆಯ ಕನ್ವರ್ಟರ್ ಇದೆ. ಪರೀಕ್ಷೆಗೆಂದು ಜೋಡಿಸಿದಾಗ ಒಂದು ತಕ್ಕಡಿಯ ತೂಕ ಇನ್ನೊಂದರ ಪರದೆಯಲ್ಲಿ ಕಾಣಿಸಿತು. ಇದಕ್ಕೇನು ಪರಿಹಾರ?

ಏಳುಸುತ್ತು (ಚಿತ್ರದುರ್ಗ) ಅವರ ಉತ್ತರ

ಸರ್, ಯುಎಸ್‌ಬಿ ಸಾಧನವನ್ನು ಯಂತ್ರಕ್ಕೆ ಕೊಡುವಾಗ ಎರಡು ಆಯ್ಕೆಗಳಿರುತ್ತವೆ. ನೀವು ತಯಾರಕರ ಹಾಗೂ ಸಾಧನದ ಗುರುತುಸಂಖ್ಯೆಯ ಮೇಲೆ ಕೊಟ್ಟಿದ್ದೀರಿ ಎನಿಸುತ್ತದೆ. ಎರಡೂ ಕನ್ವರ್ಟರ್‌ಗಳ ಸಂಖ್ಯೆ ಒಂದೇ ಆಗಿರುವುದರಿಂದ ಮೊದಲು ಸಿಕ್ಕದ್ದನ್ನು ಅದು ಹಿಡಿದುಕೊಳ್ಳುತ್ತದೆ. ಅದರ ಬದಲು ಯುಎಸ್‌ಬಿ ಪೋರ್ಟ್‌ನ ಆಧಾರದ ಮೇಲೆ ಕೊಡಿ. ಸರ್ವರ್ ಹಿಂದಿನ ಆ ಎರಡು ಪೋರ್ಟ್‌ಗಳಿಗೆ ಒಂದು, ಎರಡು ಎಂದು ಚೀಟಿ ಅಂಟಿಸಿ, ಮುಂದೆ ಯಾರೂ ಅದಲುಬದಲು ಮಾಡದಿರಲಿ. ವಿಂಡೋಸ್ ಒಳಗೆ ಕಾಂ ಪೋರ್ಟ್‌ನ (ವಿಂಡೋಸ್‌ನಲ್ಲಿ ಸೀರಿಯಲ್ ಕೊಂಡಿಯ ಹೆಸರು) ಸಂಖ್ಯೆ ಬದಲಾಗಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಹಳೆಯ ಸಂಖ್ಯೆಯನ್ನೇ ಕೊಡಬಹುದು. ಆ ಸಂಖ್ಯೆ ಬಳಕೆಯಲ್ಲಿದೆ ಎಂದು ತೋರಿಸಿದರೆ, 'ಅಡಗಿರುವ ಸಾಧನಗಳನ್ನು ತೋರಿಸು' ಎಂಬುದನ್ನು ಆರಿಸಿ, ಮಸುಕಾಗಿ ಕಾಣುವ ಹಳೆಯ ಪೋರ್ಟನ್ನು ತೆಗೆದುಹಾಕಿ.

ಭದ್ರಾನಾಲೆ (ದಾವಣಗೆರೆ)

ಪೋರ್ಟ್ ಆಧಾರದ ಮೇಲೆ ಕೊಟ್ಟ ಕೂಡಲೇ ಸರಿಹೋಯಿತು ಸರ್. ಹಳೆಯ ಕಾಂ3 ನೀವು ಹೇಳಿದ ಹಾಗೆ ಮಸುಕಾಗಿ ಅಡಗಿ ಕುಳಿತಿತ್ತು, ತೆಗೆದುಹಾಕಿದೆ. ಇಂದು ಬೆಳಿಗ್ಗೆ ಭತ್ತದ ಮೊದಲ ಲಾರಿಯನ್ನು ಎರಡೂ ತಕ್ಕಡಿಗಳ ಮೇಲೆ ಹತ್ತಿಸಿ ನೋಡಿದೆವು, ತೂಕಗಳು ಸರಿಯಾದ ಪರದೆಗಳಲ್ಲೇ ಬಂದವು. ನಿನ್ನೆ ಸಂಜೆ ನಮ್ಮ ಹುಡುಗ ದಾಸ್ತಾನಿನ ಡೇಟಾಬೇಸ್ ಯಂತ್ರವನ್ನು ಬ್ಯಾಕಪ್‌ನಿಂದ ಹಳೆಯ ಡೆಸ್ಕ್‌ಟಾಪಿನ ಮೇಲೆ ಒಬ್ಬನೇ ಎಬ್ಬಿಸಿದ. 38 ನಿಮಿಷ ಹಿಡಿಯಿತು ಎಂದು ಕೋಣೆಯ ಗೋಡೆಯ ಮೇಲಿನ ಹಾಳೆಯಲ್ಲಿ ದಿನಾಂಕದೊಂದಿಗೆ ಬರೆದಿಟ್ಟಿದ್ದಾನೆ.